ವರ್ಲಿನ್ ಟ್ಯಾಕೆಟ್‌ನ ಹೊಟ್ಟೆಪಟ್ಟಿ

ವರ್ಲಿನ್ ಟ್ಯಾಕೆಟ್ ಪ್ಯಾಂಟು ಕೊಳ್ಳುವಾಗ ತನ್ನ ಅಳತೆಗಿಂತ ಒಂದು ಸೈಜು ದೊಡ್ಡದನ್ನೇ ಕೊಳ್ಳುತ್ತಿದ್ದ. ಆ ಹೆಚ್ಚಿನ ಜಾಗ ಹೊಟ್ಟೆಗಲ್ಲ, ಪಿಸ್ತೂಲಿಗೆ. ಆದರೆ ಹೊಟ್ಟೆಗೆ ಈ ಒಪ್ಪಂದವನ್ನು ಯಾರೂ ತಿಳಿಸಿರಲಿಲ್ಲವಾಗಿ ಅದು ವರ್ಷವರ್ಷವೂ ಮುಂದಕ್ಕೆ ಬಂದು ಜಾಗ ಒತ್ತುವರಿ ಮಾಡುತ್ತಿತ್ತು. ಪಿಸ್ತೂಲು ಮಾತ್ರ ಪಟ್ಟು ಬಿಡದೆ ಅಲ್ಲೇ ಸಿಕ್ಕಿಕೊಂಡಿತ್ತು. ಕೂತಾಗ ಅದರ ಹಿಡಿ ಪಕ್ಕೆಗೆ ತಿವಿಯುತ್ತಿತ್ತು, ಬಗ್ಗಿದಾಗ ನಳಿಗೆ ತೊಡೆಸಂದಿಗೆ ಚುಚ್ಚುತ್ತಿತ್ತು. ಇಷ್ಟೆಲ್ಲ ಸಹಿಸಿಕೊಂಡು ಅವನು ನೆಮ್ಮದಿಯಾಗಿದ್ದ. ನೆಮ್ಮದಿಗಾಗಿಯೇ ತಾನೆ ಅದನ್ನು ಇಟ್ಟುಕೊಂಡದ್ದು!

ಒಕ್ಲಹೋಮದ ಹ್ಯಾಟನ್ ಕ್ರೀಕ್ ಎಂಬ ಊರು ಅವನದು. ಆಲಿಕಲ್ಲಿನ ಮಳೆ ಬಿದ್ದ ಮೇಲೆ ಮನೆಮನೆಯ ಸೂರು ಹತ್ತಿ, ಎಷ್ಟು ಹಾಳಾಗಿದೆ ಎಂದು ನೋಡಿ ಇನ್ಶೂರೆನ್ಸ್ ಕಂಪನಿಗೆ ವರದಿ ಕೊಡುವುದು ಅವನ ಕೆಲಸ. ಆ ಊರಿಗೆ ಆಪತ್ತು ಎನ್ನುವುದು ಯಾವಾಗಲೂ ಆಕಾಶದಿಂದಲೇ ಬಂದಿದೆ: ಆಲಿಕಲ್ಲು, ಸುಂಟರಗಾಳಿ, ಸಿಡಿಲು. ಇವಕ್ಕೆ ಗುಂಡು ಹೊಡೆಯುವ ಹಾಗಿಲ್ಲ. ಕಳ್ಳತನವೆಂದರೆ ಎಂದೋ ಒಮ್ಮೆ ಯಾರದೋ ಅಂಗಳದಿಂದ ಗಾಳಿ ತುಂಬಿದ ಕ್ರಿಸ್‌ಮಸ್ ತಾತನ ಬೊಂಬೆ ಕಾಣೆಯಾಗಿತ್ತು. ಅದೂ ಗಾಳಿಗೇ ಹಾರಿಹೋಗಿದ್ದಿರಬೇಕು. ಆದರೂ ವರ್ಲಿನ್ ಸೂರು ಹತ್ತುವಾಗ, ಚರ್ಚಿಗೆ ಹೋಗುವಾಗ, ಹಾಲು ತರುವಾಗ, ಹುಲ್ಲು ಕತ್ತರಿಸುವಾಗ ಸೊಂಟದಲ್ಲಿ ಪಿಸ್ತೂಲು ಇರಲೇಬೇಕು. ಒಂದೇ ಒಂದು ಸಲ ಅದನ್ನು ಹೊರತೆಗೆದಿದ್ದ. ಗ್ಯಾರೇಜಿನಲ್ಲಿ ಏನೋ ಸದ್ದಾಯಿತೆಂದು ಹೋಗಿ ಹೊಡೆದ ಗುಂಡು ಬಿಸಿನೀರಿನ ಟ್ಯಾಂಕಿಗೆ ತಗುಲಿತು. ಗ್ಯಾರೇಜಿನೊಳಗೆ ಸೇರಿಕೊಂಡಿದ್ದ ರಕೂನು, ಬೆಕ್ಕಿಗಿಂತ ತುಸು ದೊಡ್ಡ ಕಾಡುಪ್ರಾಣಿ, ಮೈ ತೊಳೆದುಕೊಂಡು ಹೊರಗೆ ಹೋಯಿತು. ಈ ಕಥೆಯನ್ನು ಹೆಂಡತಿ ಗ್ಲೆಂಡಾ ಹೇಳಿದರೆ ಕೇಳಿದವರು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ವರ್ಲಿನ್ ಹೇಳಿದರೆ ರಕೂನಿನ ಜಾಗದಲ್ಲಿ "ಯಾವನೋ" ಇರುತ್ತಿದ್ದ.

ಗ್ಲೆಂಡಾ ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಮೇಜಿನಲ್ಲಿ ಕೂರುವವಳು. ನಗುಮುಖದ ಹೆಂಗಸು. ಮದುವೆಯಾದಾಗಿನಿಂದ ಗಂಡನ ಜೊತೆ ಹೊರಗೆ ಊಟಕ್ಕೆ ಹೋದಾಗಲೆಲ್ಲ ಅವಳು ನೋಡಿದ್ದು ಗೋಡೆಯನ್ನು. ಬಾಗಿಲಿಗೆ ಮುಖ ಮಾಡಿದ ಕುರ್ಚಿ ವರ್ಲಿನ್‌ನದು. ಒಳಗೆ ಬರುವವರನ್ನು ಅವನು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಲ್ಲ. ಅವಳು ಏನಾದರೂ ಹೇಳುತ್ತಿದ್ದರೆ ಅವನ ದೃಷ್ಟಿ ಅವಳ ಭುಜದ ಮೇಲಿಂದ ಹಾದು ಬಾಗಿಲಿಗೆ ಹೋಗಿ ಬರುತ್ತಿತ್ತು.

"ನಾನಿಲ್ಲಿದ್ದೀನಿ ಕಣೋ," ಎಂದು ಅವಳು ತಿನ್ನುತ್ತಿದ್ದ ಪಕ್ಕೆಲುಬಿನ ಮೂಳೆಯನ್ನು ತಟ್ಟೆಗೆ ಕುಟ್ಟಿ ಕರೆಯುತ್ತಿದ್ದಳು.

"ಕೇಳಿಸ್ಕೋತಿದ್ದೀನಿ ಹೇಳು. ಟೋಪಿ ಹಾಕ್ಕೊಂಡು ಬಂದ್ನಲ್ಲ, ಅವನ್ಯಾರು?"

"ಮೇಯರು."

"ಇವತ್ತೇನು ಟೋಪಿ ಹಾಕಿದ್ದಾನೆ?" ಎಂದು ವರ್ಲಿನ್ ಇನ್ನಷ್ಟು ಅನುಮಾನಪಡುತ್ತಿದ್ದ.

ಹೀಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬಾಗಿಲು ಕಾಯುತ್ತಿದ್ದವನ ಮನೆಗೆ ರೋಗ ಬಾಗಿಲಿನಿಂದ ಬರಲಿಲ್ಲ. ಗ್ಲೆಂಡಾಳ ಎದೆಯಲ್ಲೊಂದು ಗಂಟು ಕಾಣಿಸಿತು. ಒಂದು ಸ್ತನ ತೆಗೆದರು, ಆಮೇಲೆ ಔಷಧಿ ಹರಿಸಿದರು, ಕೂದಲು ಹೋಯಿತು, ತಿರುಗಿ ಬಂತು. ಆ ವರ್ಷವೆಲ್ಲ ವರ್ಲಿನ್ ಆಸ್ಪತ್ರೆಗೆ ಕರೆದುಕೊಂಡು ಹೋದ, ಸೂಪು ಕಾಯಿಸಿದ, ವಾಂತಿ ಬಳಿದ. ಅವನು ಕೆಟ್ಟ ಗಂಡನಲ್ಲ, ಅದನ್ನು ಹೇಳಲೇಬೇಕು. ಆಸ್ಪತ್ರೆಯೊಳಕ್ಕೆ ಪಿಸ್ತೂಲು ತರಬಾರದೆಂದು ಬೋರ್ಡು ಇದ್ದುದರಿಂದ ಅದನ್ನು ಗಾಡಿಯಲ್ಲೇ ಬೀಗ ಹಾಕಿ ಬರುತ್ತಿದ್ದ. ಬೋರ್ಡು ಇದ್ದರೆ ಪಾಲಿಸಬೇಕು. "ಕಾನೂನು ಪಾಲಿಸೋ ಮನುಷ್ಯ ನಾನು" ಎನ್ನುವುದು ಅವನ ಬಾಯಲ್ಲಿ ಸ್ತೋತ್ರದ ಹಾಗೆ ಬರುತ್ತಿತ್ತು. ಹಾಗಾಗಿ ಒಳಗೆ ಹೆಂಡತಿಯ ಪಕ್ಕದಲ್ಲಿ ಬರಿಗೈಯಲ್ಲಿ ಕೂತು ಅವನಿಗೆ ಚಡಪಡಿಕೆಯಾಗುತ್ತಿತ್ತು. ಆದರೆ ಗ್ಲೆಂಡಾಗೆ ಆ ದಿನಗಳ ಬಗ್ಗೆ ನೆನಪಿದ್ದದ್ದು ಒಂದೇ: ಮದುವೆಯಾದ ಮೇಲೆ ಮೊದಲ ಸಲ ಗಂಡ ತನ್ನ ಮುಖ ನೋಡಿಕೊಂಡು ಕೂತಿದ್ದ.

ಚೇತರಿಸಿಕೊಂಡ ಮೇಲೆ ಡಾಕ್ಟರು ನಡೆಯಬೇಕು ಎಂದರು. ಅವಳು ನಡೆದಳು. ನಡೆದು ಬೇಜಾರಾಗಿ ಓಡಿದಳು. ಓಟ ಅವಳಿಗೆ ಹಿಡಿಸಿತು. ಬೆಳಗ್ಗೆ ತೊರೆಯ ದಂಡೆಯ ಹಾದಿಯಲ್ಲಿ ಹೆಂಡತಿ ಒಬ್ಬಳೇ ಓಡುವುದೆಂದರೇನು? ವರ್ಲಿನ್ ಕಾವಲಿಗೆ ಹೊರಟ. ಅವನ ಸಂಕಷ್ಟ ಶುರುವಾದದ್ದು ಅಲ್ಲಿಂದ.

ಓಡುವ ಚಡ್ಡಿಗೆ ಬೆಲ್ಟು ಇಲ್ಲ. ಪಿಸ್ತೂಲನ್ನು ಎಲ್ಲಿಡುವುದು? ಮೊದಲು ಕಾಲ ಹರಡಿಗೆ ಕಟ್ಟಿಕೊಂಡ. ಎಡಗಾಲು ಭಾರವಾಗಿ, ಒಂದು ಲಾಳ ಬಿದ್ದುಹೋದ ಕುದುರೆಯ ಹಾಗೆ ಕುಂಟಿಕೊಂಡು ಓಡಿದ. ಆಮೇಲೆ ಎದೆಗೆ ಕಟ್ಟಿಕೊಂಡ. ಪಿಸ್ತೂಲು ಗಟ್ಟಿಯಾಗಿ ನಿಂತಿತು, ಉಸಿರು ನಿಲ್ಲಲಿಲ್ಲ ಎನ್ನುವುದೇ ಪುಣ್ಯ. ಸೊಂಟಕ್ಕೆ ಕಟ್ಟುವ ಕಪ್ಪು ಚೀಲ ತಂದ. ಆ ಚೀಲದಲ್ಲಿ ಏನಿರುತ್ತದೆ ಎಂದು ಊರಿನ ನಾಯಿಗಳಿಗೂ ಗೊತ್ತಿತ್ತು. ಅದು ಪ್ರತಿ ಹೆಜ್ಜೆಗೂ ಅವನ ಕಿಬ್ಬೊಟ್ಟೆಗೆ ಗುದ್ದುತ್ತಿತ್ತು. ಕೊನೆಗೆ ಅವನು ಒಂದು ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದು, ಇನ್ನೊಂದು ಕೈ ಬೀಸುತ್ತ ಓಡುವುದನ್ನು ಕಲಿತ. ನೋಡಿದವರಿಗೆ ಈ ಮನುಷ್ಯ ಕಕ್ಕಸು ಹುಡುಕುತ್ತಿದ್ದಾನೆ ಎನಿಸಬೇಕು, ಹಾಗೆ. ಉಜ್ಜಿ ಉಜ್ಜಿ ಚರ್ಮ ಕೆಂಪಾಯಿತು. ಸಂಜೆ ವ್ಯಾಸಲೀನ್ ಹಚ್ಚಿಕೊಂಡು ಕಾಲಗಲಿಸಿ ಕೂರುತ್ತಿದ್ದ. ತಂದು ಸೋತ ಒರೆಗಳು, ಪಟ್ಟಿಗಳು, ಚೀಲಗಳು ಬೀರುವಿನ ಒಂದು ಡ್ರಾಯರನ್ನು ತುಂಬಿ ಎರಡನೆಯದಕ್ಕೆ ಕೈಚಾಚಿದವು. ಹ್ಯಾಟನ್ ಕ್ರೀಕಿನಲ್ಲಿ ಅಂಥ ಡ್ರಾಯರು ಇಲ್ಲದ ಮನೆಯಿಲ್ಲ. ಶನಿವಾರ ಡೋನಟ್ ಅಂಗಡಿಯಲ್ಲಿ ಗಂಡಸರು ಸೇರಿದರೆ ಅದೇ ಮಾತು: ಯಾವುದರ ಬಟ್ಟೆ ಮೆತ್ತಗಿದೆ, ಯಾವುದು ಬೆವರು ಹೀರುತ್ತದೆ, ಯಾವುದು ಅಂಗಿಯ ಮೇಲೆ ಉಬ್ಬಿ ಕಾಣುವುದಿಲ್ಲ. ಸೀರೆ ಅಂಗಡಿಯಲ್ಲಿ ಕೂತ ಹೆಂಗಸರೂ ಇಷ್ಟು ಹೊತ್ತು ಸೆರಗು ಮುಟ್ಟಿ ನೋಡುವುದಿಲ್ಲ.

ಈ ಕಸರತ್ತಿನಲ್ಲಿ ಆದದ್ದೇನೆಂದರೆ, ಕಾವಲುಗಾರ ಯಾವಾಗಲೂ ಹಿಂದೆ, ಕಾವಲಿರಬೇಕಾದವಳು ಮುಂದೆ. ಮೊದಮೊದಲು ಗ್ಲೆಂಡಾ ನಿಂತು ಕಾಯುತ್ತಿದ್ದಳು. ಆಮೇಲೆ ನಿಂತರೆ ಅವಳ ಕಾಲು ಹಿಡಿದುಕೊಳ್ಳುತ್ತಿತ್ತು. ತಿರುವಿನಾಚೆ ಅವಳು ಮಾಯವಾದ ಮೇಲೂ ವರ್ಲಿನ್ ಹೊಟ್ಟೆ ಹಿಡಿದುಕೊಂಡು ದಾಪುಗಾಲು ಹಾಕುತ್ತಿದ್ದ. ಪೊದೆಯಲ್ಲಿ ನಿಜವಾಗಿ ಯಾವನಾದರೂ ಕಾದಿದ್ದರೆ, ಅವನು ಬಂದ ಕೆಲಸ ಮುಗಿಸಿ ಕಾಫಿ ಕುಡಿದು ಹೋಗುವಷ್ಟು ಪುರುಸೊತ್ತು ಇರುತ್ತಿತ್ತು.

ಶರತ್ಕಾಲ ಬಂತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಬೆಳಗ್ಗೆ ಊರಿನಲ್ಲಿ ಟರ್ಕಿ ಓಟ ಎಂದು ಒಂದು ಓಟ ನಡೆಯುತ್ತದೆ. ಮಧ್ಯಾಹ್ನ ಹಬ್ಬದೂಟದ ಟರ್ಕಿ ಕೋಳಿಯಣ್ಣನನ್ನು ಹೊಟ್ಟೆಗೆ ಇಳಿಸುವ ಮುನ್ನ ಅದಕ್ಕೊಂದಿಷ್ಟು ಜಾಗ ಮಾಡುವ ಕಾರ್ಯಕ್ರಮ. ಗ್ಲೆಂಡಾ ಹೆಸರು ಕೊಟ್ಟಳು. ಇಬ್ಬರದೂ.

"ನಿನ್ನತ್ರ ಏನೂ ಕೇಳಿಲ್ಲ ನಾನು," ಎಂದಳು ಒಂದು ಸಂಜೆ, ಪಾತ್ರೆ ಒರೆಸುತ್ತ. "ಒಂದು ಕೇಳ್ತೀನಿ. ಆ ದಿನ ನನ್ನ ಪಕ್ಕದಲ್ಲಿ ಓಡು. ಹಿಂದೆ ಅಲ್ಲ, ಪಕ್ಕದಲ್ಲಿ. ಕೊನೇ ಗೆರೆ ಇಬ್ರೂ ಕೈ ಹಿಡ್ಕೊಂಡು ದಾಟೋಣ. ಹೋದ ವರ್ಷ ಆ ದಿನ ನಾನು ಬಕೆಟ್ ಹಿಡ್ಕೊಂಡು ಬಿದ್ದಿದ್ದೆ, ನೆನಪಿದ್ಯಾ?"

"ನೆನಪಿಲ್ದೆ ಏನು. ಓಡೋಣ."

"ಅದನ್ನ ಬಿಟ್ಟು ಬರ್ಬೇಕು."

ವರ್ಲಿನ್ ಸೊಂಟ ಮುಟ್ಟಿಕೊಂಡ. "ಜನ ಸೇರೋ ಜಾಗ, ಗ್ಲೆಂಡಾ. ಅಂಥ ಕಡೇನೇ…"

"ಒಂದು ದಿನ, ವರ್ಲಿನ್. ಒಂದೇ ಒಂದು ಬೆಳಗ್ಗೆ."

"ಸರಿ," ಎಂದ ಅವನು. ಅನ್ನುವಾಗ ಮನಸ್ಸಿನಿಂದಲೇ ಅಂದ. ಆದರೆ ಆ ರಾತ್ರಿ ಅವನಿಗೆ ಸಮಾಧಾನವಿಲ್ಲ. ಬೆತ್ತಲೆ ಓಡಿದ ಹಾಗೆ ಅನಿಸತೊಡಗಿತು. ಮಾರನೆಯ ದಿನವೇ ರಸ್ಟಿ ಪ್ರೂಯಿಟ್‌ನ ಅಂಗಡಿಗೆ ಹೋದ. ರಸ್ಟಿ ಆ ಊರಿನ ಪಿಸ್ತೂಲಿನಂಗಡಿಯವನು, ಚರ್ಚಿನಲ್ಲಿ ವರ್ಲಿನ್‌ನ ಪಕ್ಕದ ಬೆಂಚಿನವನು. ವ್ಯಾಪಾರ ಮಾಡುವಾಗ ಪಾದ್ರಿಗಿಂತ ಮೃದುವಾಗಿ ಮಾತಾಡುವವನು.

"ಮಾತು ಕೊಟ್ಟಿದ್ದೀನಿ ಮಾರಾಯ, ತರಲ್ಲ ಅಂತ," ಎಂದ ವರ್ಲಿನ್.

"ಯಾವ್ದನ್ನ ತರಲ್ಲ ಅಂದೆ?"

"ಪಿಸ್ತೂಲನ್ನ."

"ನಿನ್ನ ಹತ್ರ ಇರೋದು ಅದೊಂದೇನಾ?" ರಸ್ಟಿ ಗಾಜಿನ ಕಪಾಟಿನಿಂದ ಅಗಲವಾದ ಬೂದುಬಣ್ಣದ ಪಟ್ಟಿಯೊಂದನ್ನು ತೆಗೆದು ಕೌಂಟರ್ ಮೇಲೆ ಹರಡಿದ. "ದೊಡ್ಡದನ್ನ ಬೀಗ ಹಾಕಿಡು. ಸಣ್ಣದಿದ್ಯಲ್ಲ, ನಿಮ್ಮಪ್ಪಂದು, ಅದನ್ನ ಇದರೊಳಗೆ ತೂರ್ಸು. ಹೊಟ್ಟೆಗೆ ಬಿಗಿಯಾಗಿ ಸುತ್ಕೋ. ಉಜ್ಜಲ್ಲ, ಕುಣಿಯಲ್ಲ, ಕಾಣಲ್ಲ. ನಾನೂ ಅದೇ ಕಟ್ಕೊಂಡು ಓಡ್ತೀನಿ. ನಮ್ಮ ಟ್ವೈಲಾಗೆ ಇವತ್ತಿನವರೆಗೂ ಗೊತ್ತಿಲ್ಲ."

ಹೆಂಡತಿಗೆ ಗೊತ್ತಾಗದ ಹಾಗೆ ಹೆಂಡತಿಯನ್ನು ಕಾಪಾಡುವ ಉಪಾಯ ವರ್ಲಿನ್‌ಗೆ ಬಹಳ ಒಪ್ಪಿತವಾಯಿತು. ಇದು ಸುಳ್ಳಲ್ಲ, ಮುಂಜಾಗ್ರತೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಮನೆಗೆ ಬಂದ.

ಓಟದ ಬೆಳಗ್ಗೆ ಗ್ಲೆಂಡಾಳ ಕಣ್ಣೆದುರಿಗೇ ದೊಡ್ಡ ಪಿಸ್ತೂಲನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಅವಳು ಅವನ ಕೆನ್ನೆಗೆ ಮುತ್ತು ಕೊಟ್ಟಳು. ಆ ಮುತ್ತು ಬಿದ್ದ ಕೆನ್ನೆ ಅವನಿಗೆ ಸ್ವಲ್ಪ ಹೊತ್ತು ಬಿಸಿಯಾಗಿಯೇ ಇತ್ತು, ಆದರೆ ಅಂಗಿಯೊಳಗೆ ಪಟ್ಟಿ ಆಗಲೇ ಸುತ್ತಿ ಆಗಿತ್ತು.

ಓಟ ಶುರುವಾಗುವ ಮೈದಾನದಲ್ಲಿ ಸಾಲಾಗಿ ಪ್ಲಾಸ್ಟಿಕ್ ಶೌಚಾಲಯಗಳನ್ನು ನಿಲ್ಲಿಸಿದ್ದರು. ಎಲ್ಲ ಕಡೆ ಹೆಂಗಸರ ಸಾಲು ಉದ್ದವಿದ್ದರೆ ಹ್ಯಾಟನ್ ಕ್ರೀಕಿನಲ್ಲಿ ಗಂಡಸರ ಸಾಲೇ ಉದ್ದ. ಒಳಗೆ ಹೋದವನು ಬೇಗ ಹೊರಗೆ ಬರುತ್ತಿರಲಿಲ್ಲ. ಒಳಗಿಂದ ಪಟ್ಟಿ ಕಿತ್ತು ಅಂಟಿಸುವ ಚರ್ರ್ ಚರ್ರ್ ಸದ್ದು ಕೇಳಿಬರುತ್ತಿತ್ತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ವರ್ಲಿನ್ ಒಳಹೊಕ್ಕು ಪಟ್ಟಿಯನ್ನು ಇನ್ನೊಮ್ಮೆ ಬಿಗಿದುಕೊಳ್ಳುತ್ತಿದ್ದಾಗ ಹೊರಗೆ ಮೈಕಿನಲ್ಲಿ ಯಾರೋ ಏನನ್ನೋ ಕೂಗಿ ಹೇಳುತ್ತಿದ್ದರು. ನೀರಿನ ಪೈಪು ಒಡೆದದ್ದು, ಹಳೇ ಬ್ಯಾಂಕಿನ ಬೀದಿ ಅಗೆದದ್ದು, ಅದೂ ಇದೂ. ಹೊಟ್ಟೆಯನ್ನು ಒಳಗೆಳೆದುಕೊಂಡು ನಿಂತವನ ಕಿವಿಗೆ ಅದೆಲ್ಲ ಬೀಳಲಿಲ್ಲ.

ಓಟ ಶುರುವಾಯಿತು. ರಸ್ಟಿ ಹೇಳಿದ್ದು ಸುಳ್ಳಾಗಿರಲಿಲ್ಲ. ಪಟ್ಟಿ ಚರ್ಮದಂತೆ ಕೂತಿತ್ತು. ವರ್ಲಿನ್ ಎರಡೂ ಕೈ ಬೀಸಿ ಓಡಿದ. ಹೆಂಡತಿಯ ಪಕ್ಕದಲ್ಲಿ, ಭುಜಕ್ಕೆ ಭುಜ ಕೊಟ್ಟು. ಗ್ಲೆಂಡಾ ಅವನ ಖಾಲಿ ಕೈಗಳನ್ನು ನೋಡಿ ನೋಡಿ ನಗುತ್ತಿದ್ದಳು.

"ನೋಡಿದ್ಯಾ, ಎಷ್ಟು ಚೆನ್ನಾಗಿ ಓಡ್ತೀಯ! ಅದು ಇಲ್ದೇ ಇದ್ರೆ ನೀನೇ ಬೇರೆ ಮನುಷ್ಯ ಕಣೋ."

"ಹೂಂ ಮತ್ತೆ," ಎಂದ ವರ್ಲಿನ್. ಅವನ ಕಣ್ಣು ಎಂದಿನಂತೆ ಬೇಲಿಯ ಸಂದಿ, ನಿಂತ ಕಾರು, ಅಪರಿಚಿತರ ಕೈಗಳ ಮೇಲೆ ಓಡಾಡುತ್ತಿತ್ತು. ಟರ್ಕಿ ಕೋಳಿಯ ವೇಷ ಹಾಕಿಕೊಂಡು ಹೋಗುತ್ತಿದ್ದವನೊಬ್ಬನನ್ನು ಬಹಳ ಹೊತ್ತು ಗಮನಿಸಿದ. ಅಷ್ಟು ಪುಕ್ಕದೊಳಗೆ ಏನನ್ನು ಬೇಕಾದರೂ ಬಚ್ಚಿಡಬಹುದು.

ಕೊನೆಯ ತಿರುವು. ಎಡಕ್ಕೆ ತಿರುಗಿದರೆ ಹಳೇ ಬ್ಯಾಂಕಿನ ಬೀದಿ, ಪ್ರತಿವರ್ಷ ಓಟ ಮುಗಿಯುವುದು ಅಲ್ಲಿ. ಆದರೆ ಮುಂದಿದ್ದವರೆಲ್ಲ ಬಲಕ್ಕೆ ತಿರುಗಿದರು. ವರ್ಲಿನ್ ಕತ್ತೆತ್ತಿ ನೋಡಿದ. ಎದುರಿಗೆ ಹೈಸ್ಕೂಲಿನ ಮೈದಾನ. ಒಳಗೆ ಕೊನೆಯ ಗೆರೆ, ಬಣ್ಣದ ಬಲೂನಿನ ಕಮಾನು, ಬ್ಯಾಂಡು, ಜನ. ಗೇಟಿನ ಪಕ್ಕದಲ್ಲಿ ಬೋರ್ಡು. ಬೋರ್ಡಿನ ಮೇಲೆ ಪಿಸ್ತೂಲಿನ ಚಿತ್ರ, ಅದರ ಮೇಲೆ ಕೆಂಪು ಅಡ್ಡಗೆರೆ.

ಶಾಲೆಯೊಳಕ್ಕೆ ಪಿಸ್ತೂಲು ಒಯ್ದರೆ ಕೇಸು, ಲೈಸೆನ್ಸಿಗೆ ಎಳ್ಳುನೀರು. ಇದು ಅವನಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ. ಡೋನಟ್ ಅಂಗಡಿಯಲ್ಲಿ ಉಳಿದವರಿಗೆ ಹೇಳಿಕೊಡುತ್ತಿದ್ದವನು ಅವನೇ.

ಅವನ ಕಾಲು ತಾನಾಗಿಯೇ ನಿಧಾನವಾಯಿತು. ಗೇಟಿನ ಹೊರಗೆ ನೋಡಿದರೆ ಅಲ್ಲಿ ಆಗಲೇ ಐದಾರು ಗಂಡಸರು ಒಂದು ಮಂಡಿಯೂರಿ ಷೂ ಲೇಸು ಕಟ್ಟುತ್ತಿದ್ದರು. ಚರ್ಚಿನ ಕಾವಲು ತಂಡದವರು, ಟೈರಂಗಡಿಯವನು, ಮೇಯರು. ಎಲ್ಲರ ಲೇಸೂ ಒಂದೇ ಜಾಗದಲ್ಲಿ ಬಿಚ್ಚಿಕೊಂಡಿತ್ತು. ಅವರವರ ಹೆಂಡಿರು ಒಳಗಿನಿಂದ "ಬಾರೋ, ಏನಾಯ್ತು" ಎಂದು ಕೂಗುತ್ತಿದ್ದರು. ಗೇಟಿನೊಳಗೆ ಮಡಚುವ ಕುರ್ಚಿ ಹಾಕಿಕೊಂಡು ಹಾಲಿಸ್ ಎಂಬ ನಿವೃತ್ತ ಪೊಲೀಸಿನವನು ಕಾಫಿ ಕುಡಿಯುತ್ತಿದ್ದ.

"ಯಾರ ಮೈನೂ ತಡಕಕ್ಕೆ ಬಂದಿಲ್ಲಪ್ಪ ನಾನು," ಎಂದ ಹಾಲಿಸ್. "ಬರೋರು ಬನ್ನಿ."

"ಸ್ವಲ್ಪ ಹಿಡ್ಕೋತೀಯಾ, ಹಾಲಿಸ್?" ಎಂದು ಟೈರಂಗಡಿಯವನು ಪಿಸುಗುಟ್ಟಿದ.

"ನಾನು ಗೇಟೊಳಗೆ ಕೂತಿದ್ದೀನಲ್ಲೋ. ನನ್ನ ಲೈಸೆನ್ಸ್ ಹೋಗ್ಲಿ ಅಂತಾನಾ? ಅಲ್ದೆ, ಇಷ್ಟು ಮಕ್ಕಳ ಮುಂದೆ ಅಂಗಿ ಎತ್ತಿ ಹೊರಗೆ ತೆಗೀತೀಯಾ ಅದನ್ನ? ತೆಗಿ ನೋಡಣ."

ಗ್ಲೆಂಡಾ ಗೇಟಿನ ಹೊಸ್ತಿಲಲ್ಲಿ ನಿಂತು ಹಿಂದಕ್ಕೆ ಕೈ ಚಾಚಿದಳು. ಅವಳ ಮುಖ ಬೆವರಿ ಹೊಳೆಯುತ್ತಿತ್ತು. "ಬಾ, ಕೈ ಕೊಡು. ಬಂದೇಬಿಟ್ವಿ!"

"ನೀನು ಹೋಗಿರು. ಲೇಸು ಬಿಚ್ಕೊಂಡಿದೆ."

ಗ್ಲೆಂಡಾ ಅವನ ಪಾದ ನೋಡಿದಳು. ವರ್ಲಿನ್‌ನ ಷೂಗಳಿಗೆ ಲೇಸೇ ಇರಲಿಲ್ಲ. ಬಗ್ಗಿದರೆ ಪಿಸ್ತೂಲು ಚುಚ್ಚುತ್ತದೆಂದು ಅವನು ಯಾವಾಗಲೂ ಕಾಲು ತೂರಿಸುವ ಷೂಗಳನ್ನೇ ಹಾಕುತ್ತಿದ್ದ. ಅವಳ ಚಾಚಿದ ಕೈ ಮೆಲ್ಲಗೆ ಕೆಳಗಿಳಿಯಿತು.

"ತಂದಿದ್ದೀಯ."

"ದೊಡ್ಡದಲ್ಲ. ಸಣ್ಣದು."

"ಬೆಳಗ್ಗೆ ನನ್ನ ಕಣ್ಣೆದುರಿಗೇ ಬೀಗ ಹಾಕಿದ್ಯಲ್ಲೋ."

"ಅದು ದೊಡ್ಡದು," ಎಂದ ವರ್ಲಿನ್. ಬಾಯಿಂದ ಬಂದ ಮೇಲೆ ಆ ಮಾತು ಅವನಿಗೇ ಅಸಹ್ಯವೆನಿಸಿತು.

ಗ್ಲೆಂಡಾ ಕೂಗಾಡಲಿಲ್ಲ. ಅವನ ಹತ್ತಿರ ಬಂದು, ತನ್ನ ಎದೆಯ ಎಡಭಾಗಕ್ಕೆ ಅಂಗೈ ಒತ್ತಿಕೊಂಡು, ಉಳಿದವರಿಗೆ ಕೇಳಿಸದ ಹಾಗೆ ಹೇಳಿದಳು. "ಇಲ್ಲಿ ನೋಡು. ಆಪರೇಷನ್ ಆದ್ಮೇಲೆ ಒಳಗಿಟ್ಕೋತೀನಲ್ಲ, ಆ ರಬ್ಬರಿನ ದಿಂಬು, ಇವತ್ತು ಮನೇಲೇ ಬಿಟ್ಟು ಬಂದಿದ್ದೀನಿ. ಓಡೋವಾಗ ಅದು ಕುಣಿಯುತ್ತೆ, ಗಾಯಕ್ಕೆ ಉಜ್ಜುತ್ತೆ. ಊರೋರು ನೋಡಿದ್ರೆ ನೋಡ್ಲಿ, ಇವತ್ತೊಂದಿನ ಹಗುರಾಗಿ ಓಡ್ಬೇಕು ಅನ್ನಿಸ್ತು. ಇಷ್ಟು ದೂರ ನನ್ನ ಪಕ್ಕದಲ್ಲೇ ಓಡಿದ್ಯಲ್ಲ, ನೀನು ನೋಡಿದ್ಯಾ?"

ವರ್ಲಿನ್ ನೋಡಿರಲಿಲ್ಲ. ಪ್ರತಿ ಪೊದೆಯನ್ನೂ ನೋಡಿದ್ದ, ಟರ್ಕಿ ವೇಷದವನ ಪುಕ್ಕವನ್ನೂ ಬಿಡದೆ ನೋಡಿದ್ದ. ತನ್ನ ಹೆಂಡತಿಯನ್ನು ಮಾತ್ರ ನೋಡಿರಲಿಲ್ಲ. ಈಗ ಕಂಡಿತು. ತೆಳುವಾದ ಅಂಗಿಯ ಕೆಳಗೆ ಒಂದು ಕಡೆ ಏನೂ ಇರಲಿಲ್ಲ.

"ನಾನು ಇದನ್ನ ಬಿಟ್ಟು ಬಂದೆ," ಎಂದಳು ಗ್ಲೆಂಡಾ. "ನಿಂಗೆ ಅದನ್ನ ಬಿಟ್ಟು ಬರಕ್ಕಾಗ್ಲಿಲ್ಲ."

"ಮುಂದಿನ ವರ್ಷ," ಎಂದ ವರ್ಲಿನ್. "ಮುಂದಿನ ವರ್ಷ ಖಂಡಿತ, ದೇವರಾಣೆ…"

"ಮುಂದಿನ ವರ್ಷ ನಾನಿರ್ತೀನಿ ಅಂತ ನಿಂಗೆ ಯಾರು ಹೇಳಿದ್ರು?"

ಅವಳು ತಿರುಗಿ ಒಳಗೆ ಹೋದಳು. ಓಡಲಿಲ್ಲ, ನಡೆದಳು. ಅಷ್ಟರಲ್ಲಿ ರಸ್ಟಿ ಪ್ರೂಯಿಟ್ ಬಂದು ಬೋರ್ಡು ನೋಡಿ ಗಕ್ಕನೆ ನಿಂತ. ಅವನ ಹೆಂಡತಿ ಟ್ವೈಲಾ ಅವನನ್ನೊಮ್ಮೆ, ಲೇಸು ಕಟ್ಟುತ್ತಿದ್ದವರನ್ನೊಮ್ಮೆ ನೋಡಿ, "ಥೂ ನಿಮ್ಮ ಮುಖಕ್ಕಿಷ್ಟು," ಎಂದು ಒಳಗೋಡಿದಳು. ಓಡಿಹೋಗಿ ಗ್ಲೆಂಡಾಳ ಕೈ ಹಿಡಿದಳು. ಇಬ್ಬರೂ ಬಲೂನಿನ ಕಮಾನಿನ ಕೆಳಗೆ ಗೆರೆ ದಾಟಿದರು. ಮೈಕಿನಲ್ಲಿ ಗ್ಲೆಂಡಾ ಟ್ಯಾಕೆಟ್ ಎಂದು ಹೆಸರು ಕೂಗಿದರು, ಅವಳ ಕಾಯಿಲೆಯ ವಿಷಯವನ್ನೂ ಹೇಳಿದರು. ಕ್ರೀಡಾಂಗಣದಲ್ಲಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವರ್ಲಿನ್ ತಂತಿ ಬೇಲಿಯ ಕಣ್ಣುಗಳಲ್ಲಿ ಬೆರಳು ತೂರಿಸಿ ನಿಂತು ನೋಡಿದ. ಅವಳು ಒಮ್ಮೆಯೂ ಈ ಕಡೆ ತಿರುಗಲಿಲ್ಲ.

ರಸ್ಟಿ ಅವನ ಪಕ್ಕಕ್ಕೆ ಬಂದು ನಿಂತ. ಸ್ವಲ್ಪ ಹೊತ್ತು ಅವನೂ ಬೇಲಿಯಾಚೆ ನೋಡಿದ. ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದ: "ಹೆಂಗಿದೆ ಪಟ್ಟಿ? ಉಜ್ಜಿತಾ?"

"ಇಲ್ಲ," ಎಂದ ವರ್ಲಿನ್. "ತುಂಬಾ ಆರಾಮಾಗಿತ್ತು. ಇದೆ ಅಂತಾನೇ ಗೊತ್ತಾಗ್ಲಿಲ್ಲ."

ಹಾಗೆಂದು ಹೇಳಿ ಅವನು ಬೇಲಿಗೆ ಹಣೆ ಒತ್ತಿಕೊಂಡು ಅಳತೊಡಗಿದ. ಜೋರಾಗಿ, ಭುಜ ಕುಲುಕಿಸಿಕೊಂಡು ಅತ್ತ. ಆ ಗಂಡಸರಲ್ಲಿ ಅರ್ಧದಷ್ಟು ಜನ ಅವನ ಜೊತೆ ಬೆಳೆದವರು. ಬೆನ್ನ ಮೇಲೆ ಒಂದು ಕೈ ಇಡಬೇಕೆಂದು ಅವರಿಗೂ ಅನಿಸದೆ ಇರಲಿಲ್ಲ. ಆದರೆ ತಲೆಕೆಟ್ಟು ಅಳುತ್ತಿರುವ ಮನುಷ್ಯನ ಹೊಟ್ಟೆಪಟ್ಟಿಯಲ್ಲಿ ಗುಂಡು ತುಂಬಿದ ಪಿಸ್ತೂಲಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಒಬ್ಬೊಬ್ಬರಾಗಿ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು.